ಧಣಿಯ ಎದೆ, ನನ್ನ ಸರ್ಕ್ಯೂಟ್

ನಮ್ಮ ಆಫೀಸಿನಲ್ಲಿ ಎರಡು ವಾರ ಎಂತದೂ ಆಗದೆ ಕಳೆದರೆ ನನಗೆ ಹೆದರಿಕೆ ಶುರುವಾಗುತ್ತದೆ. ದೊಡ್ಡದು ಯಾವುದೋ ಒಳಗೊಳಗೇ ತಯಾರಾಗುತ್ತಾ ಉಂಟು ಎಂದು ಅರ್ಥ.

ಆಫೀಸು ಇರುವುದು ಕದ್ರಿ ಗುಡ್ಡದ ಇಳಿಜಾರಿನಲ್ಲಿ. ಕೆಳಗೆ ಟೈಲರ್ ಅಂಗಡಿ, ಮೇಲೆ ನಾವು. ನಾವು ಎಂದರೆ ಧಣಿ, ಒಬ್ಬ ಅಕೌಂಟೆಂಟ್, ಸೋಲ್ಡರ್ ಮಾಡುವ ಇಬ್ಬರು ಹುಡುಗಿಯರು, ಮತ್ತೆ ಸರ್ಕ್ಯೂಟ್ ಡಿಸೈನ್ ಮಾಡುವ ನಾನು. ಆಸ್ಪತ್ರೆಗಳಲ್ಲಿ ಎದೆಗೆ ವಯರು ಅಂಟಿಸಿ ಗೆರೆ ತೆಗೆಯುತ್ತಾರಲ್ಲ, ಆ ಇಸಿಜಿ ಮಿಷನ್ ನಮ್ಮದು. ಅದರೊಳಗಿನ ಆಂಪ್ಲಿಫೈಯರ್ ನನ್ನದು.

ಹೃದಯ ಬಡಿದಾಗ ಚರ್ಮದ ಮೇಲೆ ಚೂರು ಕರೆಂಟ್ ಬರುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ಇರುವುದರ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅದನ್ನು ಹಿಡಿದು ದೊಡ್ಡದು ಮಾಡಬೇಕು. ಆದರೆ ಗೋಡೆಯ ವಯರು, ಫ್ಯಾನು, ಟ್ಯೂಬ್‌ಲೈಟು ಎಲ್ಲದರ ಗುಂಯ್‌ಗುಟ್ಟುವಿಕೆಯೂ ಕರೆಯದೆ ಮೈಗೆ ಬಂದು ಸೇರಿರುತ್ತದೆ, ಅದೂ ಹೃದಯಕ್ಕಿಂತ ಜೋರಾಗಿ. ಅದನ್ನು ಹೊರಗೆ ಹಾಕಿ ಹೃದಯವನ್ನು ಮಾತ್ರ ಒಳಗೆ ಬಿಡುವುದು ನನ್ನ ಕೆಲಸ. ಉರ್ವ ಮಾರ್ಕೆಟಿನಲ್ಲಿ ಮೀನಿನ ವ್ಯಾಪಾರದ ಮಧ್ಯೆ ನಿಂತು ಸೊಳ್ಳೆಯ ಹಾಡು ಕೇಳಿದ ಹಾಗೆ.

ನನ್ನ ಮಮ್ಮಿ ಗಲ್ಫಿನಲ್ಲಿ ನರ್ಸ್ ಆಗಿದ್ದವರು. ಅವರಿಗೆ ಇದು ಕೆಲಸ ಎಂದು ಇನ್ನೂ ನಂಬಿಕೆ ಬಂದಿಲ್ಲ. ಇಸಿಜಿ ಮಿಷನ್ ಎಲ್ಲ ಆಗಲೇ ಮಾಡಿ ಆಗಿದೆಯಲ್ಲ, ನೀವು ಇನ್ನು ಎಂತ ಮಾಡುವುದು ಎಂದು ಕೇಳುತ್ತಾರೆ. ಅವರಾದರೆ ಮಮ್ಮಿ, ಬಿಟ್ಟುಬಿಡಬಹುದು. ನಮ್ಮ ಧಣಿಯೂ ಅದನ್ನೇ ಕೇಳುತ್ತಾರೆ.

ಧಣಿಯದ್ದು ದೊಡ್ಡ ಮನೆತನ, ತಂದೆಯ ಕಾಲದಿಂದ ಹೋಟೆಲು. ಮದುವೆ ಮನೆಯಲ್ಲಿ ಹೋಟೆಲಿನವರು ಎಂದರೆ ಎರಡನೇ ಸಾಲಿನ ಕುರ್ಚಿ, ಮೆಡಿಕಲ್ ಇಕ್ವಿಪ್‌ಮೆಂಟ್ ಎಂದರೆ ಮೊದಲನೇ ಸಾಲು ಎಂದು ಕಂಡುಕೊಂಡ ಮೇಲೆ ಅವರು ಈ ಕಂಪೆನಿ ಮಾಡಿದ್ದು. ಕುರ್ಚಿ ಸಿಕ್ಕಿತು. ಮಿಷನ್ ಮಾತ್ರ ಒಂದು ಆಸ್ಪತ್ರೆಗೂ ಹೋಗಿರಲಿಲ್ಲ. ಕಡೆಗೆ ಒಬ್ಬ ಹೃದಯದ ಡಾಕ್ಟರು, ದೀಪಾವಳಿ ಹೊತ್ತಿಗೆ ತನ್ನಿ, ನೋಡುವ ಎಂದರು. ಧಣಿ ನನ್ನನ್ನು ಕರೆದು ಕೂರಿಸಿದರು.

"ಡಾಕ್ಟ್ರು ಒಪ್ಪಿದರೆ ಸರಿ. ಇಲ್ಲದಿದ್ದರೆ ಡಿಸೈನ್ ಬಂದ್. ಹೊರಗಿನಿಂದ ರೆಡಿ ಮಿಷನ್ ತರಿಸುವ, ನಮ್ಮ ಹೆಸರಿನ ಸ್ಟಿಕ್ಕರ್ ಹಾಕುವ. ನಿಮ್ಮ ಕೈ ನಡುಗುವುದಿಲ್ಲವಲ್ಲ ಮೇಡಂ, ಸ್ಟಿಕ್ಕರ್ ನೀವೇ ಅಂಟಿಸಿ."

ಆ ದಿನ ಸ್ಕೂಟರಿನಲ್ಲಿ ಉರ್ವದ ಮನೆಗೆ ಹೋಗುವಾಗ ನನಗೆ ದಾರಿ ಇಡೀ ಕೋಪ. ಕಣ್ಣಿಗೆ ಕಾಣದ್ದನ್ನು ಹಿಡಿಯುವ ಸರ್ಕ್ಯೂಟ್ ಮಾಡಿದವಳು ನಾನು, ಇನ್ನು ಸ್ಟಿಕ್ಕರ್ ಅಂಟಿಸಿಕೊಂಡು ಕೂರಬೇಕಾ?

ಆಫೀಸಿನ ಅಧಿಕೃತ ಹೃದಯ

ಇಂಥ ಮಿಷನ್ ಮಾಡುವವರಿಗೆ ದಿನಾ ಒಂದು ಎದೆ ಬೇಕು. ಹುಡುಗಿಯರು ಆಗುವುದಿಲ್ಲ ಎಂದರು, ಸರಿಯೇ. ಧಣಿಯ ಎದೆಯಲ್ಲಿ ಕೂದಲಿನ ಕಾಡು, ವಯರಿನ ತುದಿಯ ಅಂಟು ಬಿಲ್ಲೆ ನಿಲ್ಲುವುದಿಲ್ಲ. ಉಳಿದವರು ಅಕೌಂಟೆಂಟರು. ಅವರ ಎದೆಯಲ್ಲಿ ಒಂದು ಕೂದಲಿಲ್ಲ, ಮಂಡೆಯಲ್ಲಿ ಒಂದು ಯೋಚನೆ ಇಲ್ಲ. ಅಂಗಿಯ ಗುಂಡಿ ಬಿಚ್ಚಿ ಮೇಜಿನ ಮೇಲೆ ಮಲಗಿದರೆ ಎರಡನೇ ನಿಮಿಷಕ್ಕೆ ಗೊರಕೆ. ಅಷ್ಟು ಒಳ್ಳೆಯ ಹೃದಯ ನಾನು ಪುಸ್ತಕದ ಚಿತ್ರದಲ್ಲಿಯೂ ನೋಡಿಲ್ಲ.

ಒಂದೇ ತೊಂದರೆ. ಗುಡ್ಡದ ತಿರುವಿನಲ್ಲಿ ಧಣಿಯ ಕಾರಿನ ಹಾರ್ನ್ ಕೇಳಿತೆಂದರೆ ಆ ಹೃದಯ ಓಡಲು ಶುರುಮಾಡುತ್ತದೆ. ಅಕೌಂಟೆಂಟರು ಕಣ್ಣು ಮುಚ್ಚಿಯೇ ಇರುತ್ತಾರೆ, ಗೊರಕೆಯೂ ನಿಂತಿರುವುದಿಲ್ಲ, ಸ್ಕ್ರೀನಿನ ನಂಬರು ಮಾತ್ರ ಏರುತ್ತಾ ಹೋಗುತ್ತದೆ. ಹುಡುಗಿಯರು ಅದನ್ನು ನೋಡಿಯೇ ಮೊಬೈಲ್ ಒಳಗಿಡುವುದು.

ಒಮ್ಮೆ ಟೆಸ್ಟಿನ ಮಧ್ಯದಲ್ಲಿಯೇ ಧಣಿ ಒಳಗೆ ಬಂದರು. ನಂಬರು ಏರುವುದನ್ನು ಕಂಡು ಇದೆಂತ ಹೀಗೆ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀವು ಬಾಗಿಲಲ್ಲಿ ನಿಂತರೆ ನೂರು ಸರ್, ಹತ್ತಿರ ಬಂದರೆ ನೂರಿಪ್ಪತ್ತು. ಧಣಿ ಹಿಂದೆ ಹೋದರು, ಮುಂದೆ ಬಂದರು, ನಂಬರನ್ನು ನೋಡಿದರು. ಮುಖ ಅರಳಿತು.

"ಮನುಷ್ಯರನ್ನು ಅಷ್ಟು ದೂರದಿಂದಲೇ ಹಿಡೀತದಾ? ಒಳ್ಳೆ ಸೆನ್ಸಿಟಿವ್ ಮಾಡಿದ್ದೀರಿ ಮಾರಾಯ್ರೆ."

ಬಲಗಾಲಿನ ವಯರು

ಮಿಷನಿನಿಂದ ಹೊರಡುವ ವಯರುಗಳಲ್ಲಿ ಒಂದು ಬಲಗಾಲಿಗೆ ಹೋಗುತ್ತದೆ. ಧಣಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹೃದಯ ಇರುವುದು ಎದೆಯಲ್ಲಿ, ಅದೂ ಎಡಗಡೆ. ಬಲಗಾಲಿಗೆ ಎಂತಕ್ಕೆ ವಯರು?

ಆ ವಯರು ದೇಹದಿಂದ ಎಂತದೂ ತರುವುದಿಲ್ಲ ಸರ್, ಎಂದು ಶುರುಮಾಡಿದೆ. ಮೈಗೆ ಸೇರಿದ ಫ್ಯಾನು, ಲೈಟಿನ ಗಲಾಟೆಯನ್ನು ತಿರುವು ಮುರುವು ಮಾಡಿ ಅದೇ ಮೈಗೆ ವಾಪಸು ಕಳಿಸುತ್ತದೆ, ಎರಡೂ ಸೇರಿ ಗಲಾಟೆ ಸತ್ತುಹೋಗುತ್ತದೆ ಎಂದು ಮುಂದೆ ಹೇಳಬೇಕಿತ್ತು. ಧಣಿ "ಎಂತದೂ ತರುವುದಿಲ್ಲ" ಎಂಬಲ್ಲಿಗೇ ಕೇಳುವುದನ್ನು ನಿಲ್ಲಿಸಿದ್ದರು. ಅಡುಗೆ ಕೋಣೆಯಿಂದ ಎಂತದೂ ತರದ ಸಪ್ಲೈಯರನ್ನು ಅವರ ತಂದೆ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ನಾನು ಊಟಕ್ಕೆ ಹೋಗಿ ಬರುವುದರೊಳಗೆ ಹುಡುಗಿಯರಿಂದ ಆ ವಯರನ್ನು ತೆಗೆಸಿ ಆಗಿತ್ತು.

ಬಂದು ನೋಡುತ್ತೇನೆ, ಅಕೌಂಟೆಂಟರು ಮಲಗಿದ್ದಾರೆ, ಸ್ಕ್ರೀನಿನಲ್ಲಿ ಗೆರೆ ಇಲ್ಲ, ಒಂದು ದಪ್ಪ ಪಟ್ಟಿ. ಶುದ್ಧ ಕರೆಂಟಿನ ಗಲಾಟೆ. ಹೃದಯ ಅದರೊಳಗೆ ಎಲ್ಲಿ ಉಂಟೋ ದೇವರಿಗೇ ಗೊತ್ತು. ಧಣಿ ಪಕ್ಕದಲ್ಲಿ ಎಳನೀರಿನ ಬೊಂಡ ಕುಡಿಯಲು ಕೂತು ಗಮ್ಮತ್ತಿನಲ್ಲಿ ಇದ್ದರು. ವಯರು ತೆಗೆದದ್ದೇ ಸಿಗ್ನಲ್ ಎಷ್ಟು ಸ್ಟ್ರಾಂಗ್ ಆಯಿತು ನೋಡಿ ಎಂದರು.

ನಾನು ಅಕೌಂಟೆಂಟರ ಎದೆಯಿಂದ ಬಿಲ್ಲೆಗಳನ್ನು ಕಿತ್ತೆ. ಧಣಿಯ ಎದುರಿದ್ದ ಬೊಂಡವನ್ನು ಎತ್ತಿಕೊಂಡು ಅದರ ಕೆತ್ತಿದ ಬಿಳಿ ಜಾಗಕ್ಕೆ ಒಂದೊಂದಾಗಿ ಅಂಟಿಸಿದೆ. ಸ್ಕ್ರೀನಿನಲ್ಲಿ ಅದೇ ಪಟ್ಟಿ, ಅಷ್ಟೇ ದಪ್ಪ.

"ಬೊಂಡಕ್ಕೂ ಅಷ್ಟೇ ಸ್ಟ್ರಾಂಗ್ ಹಾರ್ಟ್ ಉಂಟು ಸರ್," ಎಂದೆ.

ಧಣಿ ಸ್ಕ್ರೀನನ್ನು ನೋಡಿದರು, ಬೊಂಡವನ್ನು ನೋಡಿದರು. ಆ ವಯರು ಹಾಕಿಬಿಡಿ ಎಂದರು. ಬೊಂಡವನ್ನು ಮಾತ್ರ ಕುಡಿಯಲಿಲ್ಲ.

ಎಡವುವ ಮಿಷನ್

ಆಗಸ್ಟಿನ ಒಂದು ದಿನ ಧಣಿಗೆ ತಮ್ಮದೇ ಹೃದಯ ನೋಡುವ ಆಸೆ ಹುಟ್ಟಿತು. ಎದೆಗೆ ಬೇಡ, ಕೈಕಾಲಿಗೆ ಕ್ಲಿಪ್ ಹಾಕಿ ಎಂದು ಕುರ್ಚಿಯಲ್ಲಿ ಕೂತರು. ಗೆರೆ ಚಂದವಾಗಿ ಬಂತು. ಟಕ್, ಟಕ್, ಟಕ್. ಆಮೇಲೆ ಒಂದು ಬಡಿತ ಸಮಯಕ್ಕೆ ಮೊದಲೇ ಬಂತು, ದೊಡ್ಡದಾಗಿ, ಅಡ್ಡಾದಿಡ್ಡಿಯಾಗಿ. ಅದರ ಹಿಂದೆ ಉದ್ದದ ಒಂದು ಖಾಲಿ ಜಾಗ. ಮತ್ತೆ ಟಕ್, ಟಕ್.

ಮಿಷನ್ ಎಡವುತ್ತದೆ ಎಂದರು ಧಣಿ.

ನಾನು ಕೇಬಲ್ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ಬೋರ್ಡನ್ನೇ ಬದಲಾಯಿಸಿದೆ. ಅಕೌಂಟೆಂಟರಿಗೆ ಹಾಕಿದರೆ ಪುಸ್ತಕದ ಚಿತ್ರ, ಧಣಿಗೆ ಹಾಕಿದರೆ ಎಡವುವುದು. ಕಡೆಗೆ, ಸರ್, ಇದು ಮಿಷನ್ ಅಲ್ಲ, ನೀವು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದೆ. ಅವರಿಗೆ ಎಂಥ ಕೋಪ ಬಂತು ಎನ್ನುತ್ತೀರಿ. ದಿನಾ ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಮನುಷ್ಯ ಅವರು. ಸುತ್ತುವುದು ಒಂದೇ ಸುತ್ತು, ಆಮೇಲೆ ಹೊರಗೆ ಗೋಳಿಬಜೆ ಮತ್ತು ಎರಡು ಚಾ ಎಂಬುದು ಇಡೀ ಕದ್ರಿಗೆ ಗೊತ್ತು, ಆ ಮಾತು ಬೇರೆ.

"ನಿಮ್ಮ ಸರ್ಕ್ಯೂಟಿನ ಫಾಲ್ಟನ್ನು ತಂದು ನನ್ನ ಎದೆಗೆ ಕಟ್ಟಬೇಡಿ," ಎಂದರು.

ಮರುವಾರ ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಬೈಸಿಕೊಂಡೆ. ಆಮೇಲೆ ಅವರಿಂದಲೇ ಪರಿಹಾರ ಬಂತು. ಗೆರೆಯಲ್ಲಿ ಸೊಟ್ಟ ಕಂಡರೆ ಗಿರಾಕಿಗೆ ಹಿಡಿಸುವುದಿಲ್ಲ, ಯಾರಿಗೆ ಹಾಕಿದರೂ ಕ್ಯಾಟಲಾಗಿನಲ್ಲಿ ಇದ್ದ ಹಾಗೆ ಬರಬೇಕು, ಹಾಗೆ ಮಾಡುವ ಒಂದು ಸ್ವಿಚ್ಚು ಮಿಷನಿನ ಮುಂದೆಯೇ ಇಡಿ. ಹೆಸರನ್ನೂ ಇಟ್ಟರು, 'ಪೊರ್ಲು'. ತುಳುವಿನಲ್ಲಿ ಚಂದ ಎಂದು ಅರ್ಥ.

ಯೋಚಿಸಿ ನೋಡಿ. ಹೃದಯ ಲಗಾಡಿ ಹೋದವ ಬಂದು ಮಲಗುತ್ತಾನೆ, ಸ್ವಿಚ್ಚು ಒತ್ತಿದರೆ ಚಂದದ ಗೆರೆ. ಡಾಕ್ಟರಿಗೂ ಸಂತೋಷ, ರೋಗಿಗೂ ಸಂತೋಷ, ಮಾರನೇ ದಿನ ಇಗರ್ಜಿಯಲ್ಲಿ ಸಾವಿನ ಗಂಟೆ. ನನ್ನ ಕೈಯಿಂದ ಇಂಥದ್ದು ಆಗುವುದಿಲ್ಲ. ಆಗುವುದಿಲ್ಲ ಎಂದರೆ ಸ್ಟಿಕ್ಕರ್. ಒಂದು ದಿನ ಇಡೀ ಮಂಡೆಬೆಚ್ಚ ಮಾಡಿಕೊಂಡು ಕಡೆಗೆ ಸ್ವಿಚ್ಚು ಇಟ್ಟೆ. ಒತ್ತಿದರೆ ಪಕ್ಕದಲ್ಲಿ ಹಸಿರು ದೀಪ ಹತ್ತುತ್ತದೆ. ಅಷ್ಟೇ. ಅದರ ವಯರು ದೀಪದಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ.

ಧಣಿ ಕೂತರು, ಕ್ಲಿಪ್ ಹಾಕಿಸಿಕೊಂಡರು, ಒತ್ತಿದರು. ಹಸಿರು ದೀಪ ಹತ್ತಿತು. ಅವರ ಅದೃಷ್ಟವೋ ನನ್ನದೋ, ಆ ಒಂದು ನಿಮಿಷ ಹೃದಯ ಎಡವಲಿಲ್ಲ.

"ನೋಡಿ, ಈಗ ಕ್ಲಿಯರ್ ಆಯಿತು," ಎಂದರು. "ಮೊದಲೇ ನನ್ನ ಮಾತು ಕೇಳಬೇಕಿತ್ತು ನೀವು."

ಗಂಧ

ಆಯುಧ ಪೂಜೆಗೆ ನಮ್ಮಲ್ಲಿ ಭಟ್ಟರು ಬರುತ್ತಾರೆ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಎಲ್ಲ ಉಂಟು, ನಾನೂ ಹೋಗಿ ಕೈಮುಗಿದು ನಿಲ್ಲುತ್ತೇನೆ. ಈ ವರ್ಷ ಡಾಕ್ಟರಿಗೆ ತೋರಿಸುವ ಬೋರ್ಡುಗಳನ್ನೂ ಪೂಜೆಗೆ ಇಡಲು ಧಣಿ ಹೇಳಿದರು. ಇಟ್ಟೆವು, ಮುಚ್ಚಳ ಹಾಕಿ. ಧಣಿ ಮುಚ್ಚಳ ತೆಗೆಸಿದರು. ಹೊರಗಿನ ಪೆಟ್ಟಿಗೆಗೆ ಹಚ್ಚಿದರೆ ಸಾಲದಾ ಸರ್ ಎಂದು ಕೇಳಿದೆ. ಪೆಟ್ಟಿಗೆಗೆ ಪೂಜೆ ಮಾಡಿದರೆ ಪುಣ್ಯ ಪೆಟ್ಟಿಗೆಗೆ ಹೋಗುತ್ತದೆ, ಒಳಗಿನದ್ದಕ್ಕೆ ಎಂತ ಸಿಗುತ್ತದೆ ಎಂದರು. ಭಟ್ಟರು ಪ್ರತಿ ಬೋರ್ಡಿಗೂ ಗಂಧ, ಕುಂಕುಮ ಇಟ್ಟರು. ಇಡುವ ಜಾಗವನ್ನು ಧಣಿಯೇ ತೋರಿಸಿದರು. ಸರೀ ನಡುವಿನ ಚಿಪ್, ಹೃದಯದ ಸಿಗ್ನಲ್ ಒಳಗೆ ಬರುವ ಬಾಗಿಲೇ ಅದು.

ಮಾರನೇ ದಿನ ಯಾವ ಬೋರ್ಡು ಹಾಕಿದರೂ ಗೆರೆ ನಿಧಾನ ಮೇಲಕ್ಕೆ ಹೋಗಿ ಸ್ಕ್ರೀನಿನಿಂದಲೇ ಮಾಯ. ಆ ಬಾಗಿಲಿನಲ್ಲಿ ಬೆರಳಿನ ಬೆವರು ತಾಗಿದರೂ ಸಿಗ್ನಲ್ ಸೋರಿಹೋಗುತ್ತದೆ, ಇಲ್ಲಿ ಒದ್ದೆ ಗಂಧ ಮೆತ್ತಿ ಆಗಿದೆ. ಸ್ಪಿರಿಟ್ ಮತ್ತು ಬ್ರಶ್ ತಂದರೆ ಹುಡುಗಿಯರು ಕೈ ಹಿಂದೆ ಕಟ್ಟಿಕೊಂಡರು. ಪ್ರಸಾದ ತೊಳೆಯುವುದು ಹೇಗೆ ಮೇಡಂ, ನೀವೇ ತೊಳೆಯಿರಿ, ನಿಮಗೆ ಬೇರೆ ದೇವರಲ್ಲವಾ ಎಂದರು. ಸರಿ, ಎರಡೂ ದೇವರ ಕ್ಷಮೆ ಕೇಳಿ ನಾನೇ ತೊಳೆದೆ.

ಧಣಿಗೆ ವಿಷಯ ಗೊತ್ತಾಯಿತು. ಬೊಬ್ಬೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲ. ತುಂಬ ಯೋಚಿಸಿ, ಶಾಂತವಾಗಿ ಹೇಳಿದರು.

"ಬರುವ ವರ್ಷಕ್ಕೆ ಗಂಧ ತಡೆಯುವ ಚಿಪ್ ಹಾಕಿ."

ಎಣ್ಣೆ ಸ್ನಾನ

ಡಾಕ್ಟರು ಕೊಟ್ಟ ದಿನ ನರಕ ಚತುರ್ದಶಿ. ಹಬ್ಬದ ದಿನ ರೋಗಿಗಳು ಕಡಿಮೆ, ಆರಾಮವಾಗಿ ನೋಡಬಹುದು ಎಂದಿದ್ದರು. ಧಣಿಗೂ ಒಳ್ಳೆಯ ದಿನ ಎಂದು ಖುಷಿ. ಗೆರೆಯಲ್ಲಿ ಎಂತಾದರೂ ಹೆಚ್ಚುಕಡಿಮೆ ಕಂಡರೆ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಉಂಟು ಎಂದು ಹೇಳಬೇಕೆಂದು ಕಾರಿನಲ್ಲಿ ನನಗೆ ಪಾಠ ಮಾಡಿದರು.

ನರಕ ಚತುರ್ದಶಿ ಎಂದರೆ ಬೆಳಗಿನ ಜಾವ ಎಣ್ಣೆ ಸ್ನಾನ. ನಾನು ಕ್ರಿಶ್ಚಿಯನ್, ನನಗೆ ಹೊಳೆಯಲಿಲ್ಲ. ಹೊಳೆಯಬೇಕಾದ ಧಣಿಗೂ ಹೊಳೆಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಹೊಳೆಯುತ್ತಾ ನಿಂತದ್ದು ಅಕೌಂಟೆಂಟರು. ಅವರ ಅಮ್ಮ ಮನೆಯ ಗಾಣದ ತೆಂಗಿನೆಣ್ಣೆಯನ್ನು ನೆತ್ತಿಯಿಂದ ಕಾಲಿನವರೆಗೆ ತಿಕ್ಕಿದ್ದರು. ಸೋಪು ಹಾಕಲಿಲ್ಲವಾ ಎಂದರೆ, ಹಬ್ಬದ ದಿನ ಅಷ್ಟು ಉಜ್ಜಬಾರದು ಎಂದು ಅಮ್ಮ ಹೇಳಿದ್ದಾರೆ ಎಂದರು.

ಮೊದಲನೇ ಬಿಲ್ಲೆ ಎದೆಗೆ ಇಟ್ಟೆ, ಹೊಟ್ಟೆಗೆ ಹೋಯಿತು. ಎರಡನೆಯದ್ದು ಪಕ್ಕೆಗೆ. ನರ್ಸು ಸ್ಪಿರಿಟ್ ಹಚ್ಚಿ ಉಜ್ಜಿದರು. ಚರ್ಮ ಕೆಂಪಾಯಿತು, ಎಣ್ಣೆ ಅಲ್ಲಿಯೇ ಇತ್ತು. ಡಾಕ್ಟರು ಗಡಿಯಾರ ನೋಡಿ, ಬೇರೆ ಯಾರಾದರೂ ಇದ್ದಾರಾ ಎಂದರು. ಅಷ್ಟರಲ್ಲಿ ಧಣಿ ಅಂಗಿ ಬಿಚ್ಚಿ ಆಗಿತ್ತು. ಅವರ ಮನೆಯಲ್ಲಿ ಎಣ್ಣೆ ನೆತ್ತಿಗೆ ಮುಟ್ಟಿಸುವ ಶಾಸ್ತ್ರ ಮಾತ್ರ. ನರ್ಸು ರೇಜರ್ ತಂದು ಎದೆಯಲ್ಲಿ ಅಲ್ಲಲ್ಲಿ ಬೋಳು ಮಾಡಿದರು. ಮದುವೆ ಮನೆಯ ಮೊದಲನೇ ಸಾಲಿನವರು ಚುಕ್ಕೆ ಚುಕ್ಕೆಯಾಗಿ ಮಂಚದ ಮೇಲೆ ಮಲಗಿದರು.

ಟಕ್, ಟಕ್, ಟಕ್. ಕೂದಲೆಳೆಯಷ್ಟು ತೆಳ್ಳಗಿನ ಗೆರೆ, ಒಂದು ಚೂರು ಗಲಾಟೆ ಇಲ್ಲ. ನನ್ನ ಎದೆ ಉಬ್ಬಿತು. ಆಗಲೇ ಎಡವಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಇದು ಎಂತ ಎಂದರು.

ಧಣಿ ಮಲಗಿದಲ್ಲಿಂದಲೇ ಕೈ ಚಾಚಿ ಪೊರ್ಲು ಒತ್ತಿದರು. ಹಸಿರು ದೀಪ ಹತ್ತಿತು, ಗೆರೆ ಎಡವಿತು. ಆರಿಸಿ ಒತ್ತಿದರು, ಎಡವಿತು. ಕಡೆಗೆ, "ಡಾಕ್ಟ್ರೆ, ಅದು ಮಿಷನಿನ ಫಾಲ್ಟ್," ಎಂದರು. "ನಾನು ಮೇಡಂಗೆ ಆಗಸ್ಟಿನಿಂದಲೇ ಹೇಳ್ತಾ ಇದ್ದೇನೆ."

ಗಿರಾಕಿಯ ಎದುರು ತನ್ನ ಮಿಷನನ್ನು ತಾನೇ ದೂರುವ ಧಣಿ ಭೂಮಿ ಮೇಲೆ ಇನ್ನೊಬ್ಬರು ಇರಲಿಕ್ಕಿಲ್ಲ. ಇನ್ನು ಸ್ಟಿಕ್ಕರೇ ಎಂದು ನಾನು ವಯರು ಸುತ್ತಲು ಹೋದೆ. ಡಾಕ್ಟರು ಬೇಡ ಎಂದು ಕೈ ಮಾಡಿ, ಆಸ್ಪತ್ರೆಯ ದೊಡ್ಡ ಫಾರಿನ್ ಮಿಷನ್ ತರಿಸಿದರು. ಅದರ ಬಿಲ್ಲೆಗಳನ್ನೂ ಅಂಟಿಸಿ ಎರಡನ್ನೂ ಅಕ್ಕಪಕ್ಕ ಓಡಿಸಿದರು. ನಮ್ಮದು ಎಡವಿದಲ್ಲಿ ಅದೂ ಎಡವಿತು. ಪ್ರತಿ ಸಲ.

"ಮಿಷನಿಗೆ ಎಂತದೂ ಆಗಿಲ್ಲ," ಎಂದರು ಡಾಕ್ಟರು. "ಫಾಲ್ಟ್ ಇರುವುದು ಧಣಿಯಲ್ಲಿ. ಮಿಷನ್ ಇಲ್ಲಿ ಬಿಟ್ಟು ಹೋಗಿ, ಇವರನ್ನೂ ಬಿಟ್ಟು ಹೋಗಿ."

ಧಣಿಯನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋದ ಮೇಲೆ ಡಾಕ್ಟರು ಮೆಲ್ಲಗೆ ನನ್ನ ಹತ್ತಿರ, ಆ ಸ್ವಿಚ್ಚು ಯಾವುದಕ್ಕೆ ಎಂದು ಕೇಳಿದರು. ಅದು ಯಾವುದಕ್ಕೂ ಅಲ್ಲ, ಸರ್‌ಗೆ ಎಂದೆ. ಅವರು ಪೊರ್ಲು ಒಮ್ಮೆ ಒತ್ತಿ ನೋಡಿದರು. ಇಂಥದ್ದೊಂದು ನಮ್ಮ ಮ್ಯಾನೇಜ್‌ಮೆಂಟಿಗೂ ಮಾಡಿಕೊಡ್ತೀರಾ ಎಂದರು.

ಕದ್ದವರು

ಹೆದರುವಂಥದ್ದು ಎಂತದೂ ಇರಲಿಲ್ಲ. ಮಾತ್ರೆ, ವಾಕಿಂಗಿಗೆ ಇನ್ನೂ ನಾಲ್ಕು ಸುತ್ತು, ಗೋಳಿಬಜೆ ಬಂದ್. ಆದರೂ ಎರಡು ದಿನ ನೋಡುವ ಎಂದು ವಾರ್ಡಿನಲ್ಲಿ ಇಟ್ಟುಕೊಂಡರು. ಮಾರನೇ ದಿನ ಸಂಜೆ ನಾನು ಹೋದೆ. ಮಮ್ಮಿ, ಏನಿದ್ದರೂ ಹೃದಯದ ರೋಗಿ, ಮೆತ್ತಗೆ ಮಾತಾಡು ಎಂದು ಹೇಳಿ ಕಿತ್ತಳೆ ಕಟ್ಟಿಕೊಟ್ಟಿದ್ದರು. ನನಗೂ ಅಷ್ಟೊತ್ತಿಗೆ ಕೋಪ ಇಳಿದಿತ್ತು. ಡಾಕ್ಟರು ವಾರ್ಡಿಗೆ ನಮ್ಮ ಮಿಷನ್ ಬೇಕು ಎಂದು ಆರ್ಡರ್ ಕೊಟ್ಟಾಗಿತ್ತು, ಅದನ್ನು ನನ್ನ ಬಾಯಿಯಿಂದಲೇ ಹೇಳಬೇಕೆಂದು ಆಸೆ. ಮನುಷ್ಯ ಹೃದಯ ಕೈಯಲ್ಲಿ ಹಿಡಿದು ಮಲಗಿದ್ದಾರೆ, ಒಮ್ಮೆಯಾದರೂ ನಿಮ್ಮ ಸರ್ಕ್ಯೂಟ್ ಸರಿ ಇತ್ತು ಮೇಡಂ ಎಂದಾರು ಎಂದುಕೊಂಡಿದ್ದೆ.

ಧಣಿ ದಿಂಬಿಗೆ ಒರಗಿ, ಮಂಚದ ಮೇಲಿನ ಫಾರಿನ್ ಮಾನಿಟರನ್ನೇ ನೋಡುತ್ತಾ ಇದ್ದರು. ನಾನು ಆರ್ಡರಿನ ಸುದ್ದಿ ಹೇಳಿದೆ. ತಲೆ ಆಡಿಸಿದರು, ಕಣ್ಣು ಮಾತ್ರ ಮಾನಿಟರಿನಿಂದ ತೆಗೆಯಲಿಲ್ಲ. ಸರ್, ಇನ್ನು ಸ್ಟಿಕ್ಕರಿನ ಅಗತ್ಯ ಇಲ್ಲವಲ್ಲ ಎಂದೆ. ಅದಕ್ಕೂ ತಲೆ ಆಡಿಸಿದರು. ಆಮೇಲೆ ಹತ್ತಿರ ಬನ್ನಿ ಎಂದು ಬೆರಳು ಮಾಡಿ ಕರೆದರು. ಬಾಗಿದೆ. ನರ್ಸಿಗೆ ಕೇಳದ ಹಾಗೆ ಪಿಸುಗುಟ್ಟಿದರು.

"ನಿನ್ನೆಯಿಂದ ನೋಡ್ತಾ ಇದ್ದೇನೆ ಮಾರಾಯ್ರೆ. ಇದೂ ನಮ್ಮದರ ಹಾಗೆಯೇ ಎಡವುತ್ತದೆ. ಈ ಫಾರಿನ್‌ನವರು ನಮ್ಮ ಸರ್ಕ್ಯೂಟ್ ಕದ್ದಿದ್ದಾರೆ, ಫಾಲ್ಟ್ ಸಮೇತ."